ತಂಗಿಯ ಮಾದರಿ ಪಾಠದಲ್ಲಿ ನಾನು ಆಡಿದ ಮಾತು

ನನ್ನ ತಂಗಿ ಭಾಲ್ಕಿಯಲ್ಲಿ ಮನೆ ಮಾಡಿಕೊಂಡು, ಅಲ್ಲಿಂದ ಬಸ್ಸಿನ ದಾರಿಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆರು, ಏಳು, ಎಂಟನೆಯ ತರಗತಿಗೆ ಗಣಿತ ಕಲಿಸುತ್ತಾಳೆ. ನಾನು ಔರಾದ ತಾಲ್ಲೂಕಿನ ಠಾಣಾ ಕುಶನೂರಿನ ಕಡೆ, ಹುಟ್ಟಿದ ಊರಿನಲ್ಲೇ ಇದ್ದೇನೆ. ತೊಗರಿ ಮತ್ತು ಸೋಯಾ ಬಿತ್ತುವ ಹೊಲವಿದೆ, ಕುರಿಗಳಿವೆ. ಶಾಲೆಯನ್ನು ಆರನೆಯ ತರಗತಿಯ ಅರ್ಧದಲ್ಲಿ ಬಿಟ್ಟವನು ನಾನು. ಪೇಪರು ಓದುತ್ತೇನೆ. ಬರೆಯುವುದು ಕಡಿಮೆ. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸಲು ಮನಸ್ಸು ಒಪ್ಪಲಿಲ್ಲ.

ನಮ್ಮ ಮನೆಯಲ್ಲಿ ಒಂದು ಮಾತು ಬಹಳ ವರ್ಷದಿಂದ ನಡೆದು ಬಂದಿದೆ. ಅಣ್ಣ ಶಾಲೆ ಬಿಟ್ಟು ಕುರಿಯ ಹಿಂದೆ ಹೋದದ್ದರಿಂದ ತಂಗಿ ಓದಿದಳು ಎಂಬ ಮಾತು. ಅಪ್ಪ ಇದನ್ನು ನಂಟರ ಮುಂದೆ ಹೇಳುತ್ತಿದ್ದ. ತಂಗಿ ಇನ್ನೂ ಹೇಳುತ್ತಾಳೆ. ತನ್ನ ಜೊತೆಯ ಶಿಕ್ಷಕಿಯರು ಮನೆಗೆ ಬಂದರೆ, ಚಹಾ ಕೊಡುತ್ತ, "ನಮ್ಮಣ್ಣ ನನಗಿಂತ ಶಾಣ್ಯಾ ಇದ್ದ. ನನ್ನ ಸಲುವಾಗಿ ಸಾಲಿ ಬಿಟ್ಟ" ಅನ್ನುತ್ತಾಳೆ. ಹಾಗೆ ಅಂದಾಗ ನಾನು ತಲೆ ತಗ್ಗಿಸುತ್ತಿದ್ದೆ. ನೋಡಿದವರಿಗೆ ಅದು ಸಂಕೋಚದಂತೆ ಕಾಣುತ್ತಿತ್ತು.

ನಡೆದದ್ದು ಬೇರೆ. ಆರನೆಯ ತರಗತಿಯಲ್ಲಿ ಭಿನ್ನರಾಶಿ ಬಂತು. ಮೇಲೊಂದು ಅಂಕಿ, ಕೆಳಗೊಂದು ಅಂಕಿ, ನಡುವೆ ಗೆರೆ. ಭಾಗಿಸುವಾಗ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಬೇಕು ಎಂದರು. ಯಾಕೆ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಾಸ್ತರರು ಬೋರ್ಡಿನಿಂದ ತಿರುಗಿ "ತಿಳೀತೇನ್ರೋ" ಎಂದು ಕೇಳಿದರೆ ಇಡೀ ತರಗತಿ ಒಂದೇ ಉಸಿರಿಗೆ "ತಿಳೀತ್ರಿ ಸರ್" ಅನ್ನುತ್ತಿತ್ತು. ತಿಳಿಯಲಿಲ್ಲ ಅಂದವನು ಬೋರ್ಡಿನ ಹತ್ತಿರ ಹೋಗಿ ನಿಲ್ಲಬೇಕಾಗುತ್ತಿತ್ತು. ಆ ವರ್ಷ ಅಪ್ಪನಿಗೆ ಕುರಿ ಕಾಯಲು ಒಬ್ಬರು ಬೇಕಾಗಿದ್ದರು. ಅವನು ನನ್ನನ್ನು ಕೇಳಿರಲೇ ಇಲ್ಲ. ನಾನೇ ಹೋಗಿ "ನಾ ಹೋಗ್ತೇನಿ" ಅಂದೆ. ಮೊದಲ ದಿನ ಕುರಿ ಹೊಡೆದುಕೊಂಡು ಶಾಲೆಯ ಹಿಂದಿನ ದಾರಿಯಲ್ಲಿ ಹೋಗುವಾಗ ನನಗಾದ ಸಂತೋಷ ಈಗಲೂ ನೆನಪಿದೆ. ತಂಗಿಯ ನೆನಪು ಅಂದು ನನಗೆ ಬಂದಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಬೇಸಿಗೆ ರಜೆಯಲ್ಲಿ ತಂಗಿ ತವರಿಗೆ ಬಂದಳು. ಶಾಲೆ ತೆರೆಯುವ ಮೊದಲು ಬೀದರಿನಲ್ಲಿ ಗಣಿತ ಶಿಕ್ಷಕರಿಗೆ ತರಬೇತಿ ಇತ್ತು. ಜಿಲ್ಲೆಯ ಬೇರೆ ಬೇರೆ ತಾಲ್ಲೂಕಿನವರು ಸೇರುತ್ತಾರೆ. ಒಬ್ಬೊಬ್ಬರೂ ಉಳಿದವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಅದಕ್ಕೆ ಮಾದರಿ ಪಾಠ ಎನ್ನುತ್ತಾರೆ. ಚೆನ್ನಾಗಿ ಮಾಡಿದ ಕೆಲವರನ್ನು ಆರಿಸಿ, ಮುಂದೆ ಔರಾದ, ಭಾಲ್ಕಿಯ ಶಿಕ್ಷಕರಿಗೆ ಕಲಿಸಲು ಕಳಿಸುತ್ತಾರೆ. ತಂಗಿಗೆ ಆ ಕೆಲಸ ಬೇಕಾಗಿತ್ತು. ಹೆಸರಿನ ಆಸೆಗೆ ಅಲ್ಲ. ತಾನೂ ಮೊದಲ ಕೆಲವು ವರ್ಷ ತಲೆಕೆಳಗು ಮಾಡಿ ಗುಣಿಸಿ ಎಂದೇ ಹೇಳಿಕೊಟ್ಟಿದ್ದಳು. ಮಕ್ಕಳು ಲೆಕ್ಕ ಮಾಡುತ್ತಿದ್ದರು, ಯಾಕೆ ಹಾಗೆ ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದರು. ಅದು ಅವಳಿಗೆ ಚುಚ್ಚುತ್ತಿತ್ತು. ಹಳೆಯ ಲಗ್ನಪತ್ರಿಕೆಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಭಾಗಾಕಾರ ಅಂದರೆ ಏನು ಎಂದು ಕಣ್ಣಿಗೆ ಕಾಣುವಂತೆ ಕಲಿಸುವ ದಾರಿಯೊಂದನ್ನು ಅವಳು ಕಟ್ಟಿಕೊಂಡಿದ್ದಳು.

"ತರಬೇತಿದಾಗ ಮಾಸ್ತರಗೋಳೇ ಹುಡುಗರಂಗ ಕುಂದರ್ತಾರ ಅಣ್ಣಾ. ಎಲ್ಲಾರಿಗೂ ಮೊದಲೇ ಬರ್ತದ. ಗೋಣು ಹಾಕ್ತಾರ, ಚಪ್ಪಾಳಿ ಹೊಡೀತಾರ, ಚಹಾಕ್ಕ ಹೋಗ್ತಾರ. ನನ್ನ ಪಾಠ ಖರೇನ ತಿಳೀತದೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕು?" ಎಂದಳು.

"ಅದಕ್ಕ?"

"ಅದಕ್ಕ ನೀ ಕುಂದರು. ನಿನಗ ಇದು ಬರಂಗಿಲ್ಲಲ್ಲ, ಅದೇ ನನಗ ಬೇಕು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು. ನಾಚಬ್ಯಾಡ."

ಅಷ್ಟು ಸ್ಪಷ್ಟವಾಗಿ ಹೇಳಿದಳು. ಅದನ್ನು ಮರೆತೆ ಎಂದು ನಾನು ಯಾರಿಗೂ ಹೇಳುವಂತಿಲ್ಲ.

ಮಧ್ಯಾಹ್ನ ಕುರಿಗಳು ಬೇವಿನ ನೆರಳಿಗೆ ಬಂದು ಮಲಗಿದ ಮೇಲೆ ನಾವಿಬ್ಬರೂ ಅಲ್ಲೇ ಕೂರುತ್ತಿದ್ದೆವು. ನನ್ನ ಹೆಂಡತಿ ಬುತ್ತಿ ತಂದವಳು ನಿಂತು ನೋಡಿ, "ಅಯ್ಯ ನಮ್ಮವ್ವ, ಈ ವಯಸ್ಸಿನ್ಯಾಗ ಸಾಲಿಗಿ ಹಾಕೀರೇನು ಇವರಿಗಿ? ಊಟದ ಗಂಟಿ ಹೊಡೀಲೇನು?" ಎಂದು ನಗುತ್ತಿದ್ದಳು. ತಂಗಿಯೂ ನಗುತ್ತ, "ವೈನಿ, ಒಂದು ಹಾಜರಿ ಕಮ್ಮಿ ಆದ್ರ ನಿಮ್ಮನ್ನೇ ಕರಸ್ತೇನಿ" ಅನ್ನುತ್ತಿದ್ದಳು.

ಮೊದಲು ಸುಲಭವಾಗಿಯೇ ಇತ್ತು. ಕೆಂಪು ಪಟ್ಟಿಯೊಂದನ್ನು ಎರಡು ಸಮ ಭಾಗ ಮಾಡಿದರೆ ಅರ್ಧ. ಅದೇ ಅಳತೆಯ ಹಳದಿ ಪಟ್ಟಿಯನ್ನು ನಾಲ್ಕು ಮಾಡಿದರೆ ಕಾಲು. ಅರ್ಧದೊಳಗೆ ಕಾಲು ಎಷ್ಟು ಸಲ ಕೂರುತ್ತದೆ? ಎರಡು ಸಲ. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಬರುವುದು ಇದಕ್ಕೇ ಎಂದಳು. ನನಗೆ ತಿಳಿಯಿತು. ಬಾಲ್ಯದಲ್ಲಿ ಬಡಿದು ಮುಚ್ಚಿದ ಬಾಗಿಲು ಇಷ್ಟು ಹಗುರವಿತ್ತೇ ಅನಿಸಿತು.

ಆಮೇಲೆ ಅವಳು ಅದೇ ಅಳತೆಯ ಹಸಿರು ಪಟ್ಟಿಯೊಂದನ್ನು ಮೂರು ಸಮ ಭಾಗ ಮಾಡಿದಳು. ಅದರಲ್ಲಿ ಒಂದು ತುಂಡನ್ನು ಅರ್ಧ ಪಟ್ಟಿಯ ಮೇಲೆ ಇಟ್ಟಳು. ಒಂದು ತುಂಡು ಪೂರ್ತಿ ಕೂತಿತು. ಇನ್ನೊಂದು ಪೂರ್ತಿ ಕೂರುವುದಿಲ್ಲ, ಸ್ವಲ್ಪವೇ ಜಾಗ ಉಳಿದಿತ್ತು. ಆ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಆ ತುಂಡಿನ ಅರ್ಧ ಕುಂದರ್ತದ. ಹಂಗಂದ್ರ ಒಟ್ಟು ಎಷ್ಟಾತು? ಒಂದೂವರಿ" ಎಂದಳು.

ನನ್ನ ಬುದ್ಧಿ ಅಲ್ಲಿ ನಿಂತುಬಿಟ್ಟಿತು. ಅರ್ಧವೆಂದರೆ ಈ ಉದ್ದದ ಕೆಂಪು ಪಟ್ಟಿ ಎಂದು ಅವಳೇ ಮೊದಲು ಹೇಳಿದ್ದಳು. ಈಗ ಇಷ್ಟೇ ಇಷ್ಟು ಚೂರನ್ನೂ ಅರ್ಧ ಅನ್ನುತ್ತಿದ್ದಾಳೆ. ಎರಡೂ ಅರ್ಧ ಹೇಗಾಗುತ್ತವೆ? ಬಾಯಿ ತೆರೆದು ಇಷ್ಟನ್ನು ಕೇಳಿದ್ದರೆ ಸಾಕಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ತನಗಿಂತ ಬುದ್ಧಿವಂತನಾದ, ಶಾಣ್ಯಾ ಅಣ್ಣ ಕೂತಿದ್ದ.

"ತಿಳೀತು" ಅಂದೆ.

"ಖರೇ?"

"ಖರೇನ ತಿಳೀತು. ಮುಂದ ನಡಿ."

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಎದ್ದು ಹೋಗಿ ನನ್ನ ಹೆಂಡತಿಗೆ ಹೇಳಿ ಬಂದಳು. ಮುಂದಿನ ದಿನಗಳಲ್ಲಿ ಅವಳು ಅದೇ ಪಟ್ಟಿಗಳನ್ನು ಇಟ್ಟು ಮತ್ತೆ ಮತ್ತೆ ಕೇಳಿದಳು. ಯಾವ ಬಣ್ಣದ ಮೇಲೆ ಯಾವ ಬಣ್ಣ ಬಂದರೆ ಯಾವ ಉತ್ತರ ಎಂದು ನಾನು ನೆನಪಿಟ್ಟುಕೊಂಡೆ. ಕುರಿಗಳ ಮುಖ ನೆನಪಿಡುವವನಿಗೆ ಅದು ಕಷ್ಟವಲ್ಲ. ಹೇಳುವ ಮೊದಲು ಸ್ವಲ್ಪ ಯೋಚಿಸಿದಂತೆ ಸುಮ್ಮನಿರುವುದನ್ನೂ ಕಲಿತೆ. ಇದೊಂದು ಆಟ, ರಜೆ ಮುಗಿದರೆ ಮುಗಿಯಿತು ಎಂದುಕೊಂಡಿದ್ದೆ.

ಹೊರಡುವ ಹಿಂದಿನ ದಿನ ಅವಳು ಹೇಳಿದಳು: "ನೀ ಬೀದರಿಗಿ ಬಾ. ಅಲ್ಲಿ ಎಲ್ಲಾರ ಮುಂದ ನಿನಗೇ ಪಾಠ ಹೇಳ್ತೇನಿ. ನಮ್ಮಣ್ಣ ಆರನೇತ್ತೆ ಬಿಟ್ಟವ, ಅವಗ ತಿಳೀತಂದ್ರ ನಿಮ್ಮ ಹುಡುಗರಿಗಿ ಯಾಕ ತಿಳ್ಯಂಗಿಲ್ಲ ಅಂತ ಕೇಳ್ತೇನಿ."

ಆಗಲಾದರೂ ಹೇಳಬೇಕಾಗಿತ್ತು. ಕುರಿಯ ನೆಪ ಹೇಳಿದೆ. ಕುರಿ ನೋಡಲು ತನ್ನ ಗಂಡನನ್ನು ಕಳಿಸುತ್ತೇನೆ ಎಂದಳು. ಹೊಲದ ನೆಪ ಹೇಳಿದೆ. ಮಳೆ ಇನ್ನೂ ಬಂದಿಲ್ಲ, ಬಿತ್ತುವುದೇನು ಎಂದಳು. ಮತ್ತೆ ನೆಪ ಉಳಿಯಲಿಲ್ಲ. ನಿಜವೊಂದೇ ಉಳಿದಿತ್ತು, ಅದನ್ನು ಹೇಳಲಿಲ್ಲ.

ಆ ದಿನ ಬೆಳಿಗ್ಗೆ ಕುಶನೂರಿನಲ್ಲಿ ಬಸ್ಸು ಹಿಡಿದು ಹೋದೆ. ಬೀದರಿನ ಅಂಚಿನ ನೌಬಾದದಲ್ಲಿ ಇಳಿ ಎಂದಿದ್ದಳು. ಇಳಿದಾಗ ಇಸ್ತ್ರಿ ಮಾಡಿದ ಸೀರೆಯುಟ್ಟು, ಪಟ್ಟಿಗಳ ಚೀಲ ಹಿಡಿದು ನಿಂತಿದ್ದಳು. "ಟೋಪಿ ಬರೋಬ್ಬರಿ ಮಾಡ್ಕೋ" ಎಂದು ತಾನೇ ನನ್ನ ಟೋಪಿಯನ್ನು ಸರಿಮಾಡಿದಳು. ಅಲ್ಲಿಂದ ಆಟೋ ಹತ್ತಿ ತರಬೇತಿ ನಡೆಯುವ ಸಭಾಂಗಣಕ್ಕೆ ಹೋದೆವು. ಗೋಡೆಯ ತುಂಬ ಬಣ್ಣದ ಚಾರ್ಟುಗಳು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತಿದ್ದರು. ತರಬೇತಿ ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಮಾಸ್ತರರು, ಮೆಲ್ಲಗೆ ಮಾತಾಡುವವರು. ನನ್ನನ್ನು ನೋಡಿ, "ಬರ್ರಿ ಯಜಮಾನರ, ಇವತ್ತ ನಮಗ ಖರೇ ವಿದ್ಯಾರ್ಥಿ ಸಿಕ್ಕಾರ" ಎಂದು ಕುರ್ಚಿ ಹಾಕಿಸಿದರು. ಹಿಂದಿನಿಂದ ಯಾರೋ, "ಸರ್, ಇವರು ಹೋಮ್‌ವರ್ಕ್ ಮಾಡ್ಯಾರೇನು ಕೇಳ್ರಿ" ಎಂದರು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ತಂಗಿ ಪಾಠ ಮಾಡಿದಳು. ಅವಳು ಪಾಠ ಮಾಡುವುದನ್ನು ನಾನು ಹೊಲದಲ್ಲಿ ನೋಡಿದ್ದೆ, ಇಲ್ಲಿ ಬೇರೆಯೇ ಇದ್ದಳು. ಧ್ವನಿ ದೊಡ್ಡದಿರಲಿಲ್ಲ, ಆದರೂ ಕೊನೆಯ ಸಾಲಿನವರು ಮುಂದೆ ಬಾಗಿ ಕೇಳುತ್ತಿದ್ದರು. ಕೆಂಪಿನ ಮೇಲೆ ಹಳದಿ ಇಟ್ಟಳು, ನಾನು ಎರಡು ಅಂದೆ. ಕೆಂಪಿನ ಮೇಲೆ ಹಸಿರು ಇಟ್ಟಳು, ಸ್ವಲ್ಪ ಸುಮ್ಮನಿದ್ದು ಒಂದೂವರೆ ಅಂದೆ. ಚಪ್ಪಾಳೆ ಬಿತ್ತು. ಒಬ್ಬ ಶಿಕ್ಷಕಿ ಎದ್ದು ಬಂದು ಪಟ್ಟಿಗಳ ಚಿತ್ರ ತೆಗೆದುಕೊಂಡಳು. ತಂಗಿ ನನ್ನ ಕಡೆ ನೋಡಿ ನಕ್ಕಳು.

ಆಗ ಆ ಹಿರಿಯ ಮಾಸ್ತರರು ಎದ್ದು ಬಂದರು. ಪಟ್ಟಿಗಳಲ್ಲಿ ಹುಡುಕಿ, ನಾಲ್ಕರಲ್ಲಿ ಮೂರು ಭಾಗವನ್ನು ಜೋಡಿಸಿ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಅರ್ಧ ಪಟ್ಟಿ ಇಟ್ಟರು.

"ಇದು ಮುಕ್ಕಾಲು, ಇದು ಅರ್ಧ. ಮುಕ್ಕಾಲಿನ್ಯಾಗ ಅರ್ಧ ಎಷ್ಟು ಸಲ ಕುಂದರ್ತದರಿ ಯಜಮಾನರ?"

ಇದು ನಾನು ನೆನಪಿಟ್ಟುಕೊಂಡದ್ದರಲ್ಲಿ ಇರಲಿಲ್ಲ. ಇಟ್ಟು ನೋಡಿದೆ. ಅರ್ಧ ಒಂದು ಸಲ ಕೂತಿತು. ಉಳಿದದ್ದು ಕಾಲು.

"ಒಂದೂಕಾಲು ರೀ" ಅಂದೆ.

ಇದಕ್ಕೂ ಉತ್ತರ ಒಂದೂವರೆಯೇ ಎಂಬುದು ನನ್ನ ಹೊರತು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಂಗಿ ಒಂದು ಹೆಜ್ಜೆ ಮುಂದೆ ಬಂದು, "ಅಣ್ಣಾ, ಉಳಿದಿದ್ದು ಯಾವುದರ ಎಷ್ಟು ಭಾಗ ನೋಡು" ಎಂದಳು. ಮಾಸ್ತರರು ಕೈ ಎತ್ತಿ ಅವಳನ್ನು ತಡೆದರು. "ತಡೀರಿ ಮೇಡಮ್ಮೋರೆ, ಅವರೇ ಹೇಳಲಿ. ಅಲ್ರಿ ಯಜಮಾನರ, ಮೊದಲ ಒಂದೂವರಿ ಅಂದ್ರಲ್ಲ, ಅದು ಹ್ಯಾಂಗ ಬಂತು? ಅದನ್ನೇ ಹೇಳ್ರಿ ಸಾಕು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಮತ್ತೆ ಬೋರ್ಡಿನ ಹತ್ತಿರ ನಿಂತಂತಾಯಿತು. ನನಗೆ ಅದು ತಿಳಿದೇ ಇರಲಿಲ್ಲ ಅನ್ನಬಹುದಾಗಿತ್ತು. ಅವಳು ಕೇಳಿದಾಗ ಸುಳ್ಳು ಹೇಳಿದೆ ಅನ್ನಬಹುದಾಗಿತ್ತು. ನನ್ನ ಬಾಯಿಂದ ಬಂದದ್ದು ಇದು:

"ಹಂಗ ಅನ್ನು ಅಂತ ಅಕಿನೇ ಹೇಳ್ಯಾಳ್ರಿ."

ಮೊದಲು ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಹಿಂದಿನವರು ಯಾರೋ, "ಹೋಮ್‌ವರ್ಕ್ ಮೇಡಮ್ಮೋರೇ ಮಾಡಿಕೊಟ್ಟಾರ್ರಿ ಸರ್" ಎಂದರು. ಮಾಸ್ತರರು ನಗಲಿಲ್ಲ. ಪಟ್ಟಿಗಳನ್ನು ಜೋಡಿಸಿ ತಂಗಿಯ ಕೈಗೆ ಕೊಡುತ್ತ, "ಪಾಠ ತೋರಸ್ರಿ ಅಂದಿದ್ದೆವು ಮೇಡಮ್ಮೋರೆ. ನಾಟಕ ಅಲ್ಲ" ಎಂದರು.

ತಂಗಿ "ಇಲ್ರಿ ಸರ್..." ಎಂದು ಶುರು ಮಾಡಿದಳು. ನನ್ನ ಕಡೆ ನೋಡಿದಳು. ತಾನು ಹೇಳಿಕೊಟ್ಟಿಲ್ಲ ಎಂದರೆ ಅಣ್ಣ ಸುಳ್ಳ ಎಂದು ಅಷ್ಟು ಜನರ ಮುಂದೆ ಹೇಳಿದಂತೆ. ಪಟ್ಟಿಗಳನ್ನು ಚೀಲಕ್ಕೆ ಹಾಕಿ ತನ್ನ ಜಾಗಕ್ಕೆ ಹೋಗಿ ಕೂತಳು.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದಳು. ದಾರಿಯಲ್ಲಿ ಆಡಿದ್ದು ಒಂದೇ ಮಾತು, "ಊಟ ಆತಿಲ್ಲೋ ನಿಂದು?" ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಅವಳು ಭಾಲ್ಕಿಯ ಬಸ್ಸು ನಿಲ್ಲುವ ಕಡೆ ಆಗಲೇ ತಿರುಗಿ ಹೋಗುತ್ತಿದ್ದಳು.

ಅವಳನ್ನು ಆರಿಸಲಿಲ್ಲ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ತಾಲ್ಲೂಕಿನ ಶಿಕ್ಷಕರ ಸಭೆಗಳಲ್ಲಿ ಈ ಮಾತು ಹಬ್ಬಿತು. ಅವಳು ಎದ್ದು ಏನಾದರೂ ಹೇಳಿದರೆ, "ಮೇಡಂ, ಇದನ್ನ ಯಾರಿಗಿ ಹೇಳಿಕೊಟ್ಟೀರಿ?" ಎಂದು ತಮಾಷೆ ಮಾಡುತ್ತಿದ್ದರಂತೆ. ಅವಳು ಎದ್ದು ಮಾತಾಡುವುದನ್ನೇ ಬಿಟ್ಟಳು. ಇದನ್ನು ನನಗೆ ಹೇಳಿದವನು ಅವಳ ಗಂಡ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವಳ ತರಗತಿಯಲ್ಲೂ ಪಟ್ಟಿಗಳು ಮೂಲೆ ಸೇರಿದ್ದವು. ತನ್ನ ಪಾಠವೇ ಸರಿ ಇಲ್ಲವೇನೋ ಎಂಬ ಅನುಮಾನ ಅವಳಿಗೇ ಬಂದಿತ್ತು. ಮತ್ತೆ ತಲೆಕೆಳಗು ಮಾಡಿ ಗುಣಿಸಿ ಎಂದು ಹೇಳಿಕೊಡುತ್ತಿದ್ದಾಳೆ ಎಂದು ಅವನಿಂದಲೇ ತಿಳಿಯಿತು. ನನಗೆ ಎಲ್ಲಕ್ಕಿಂತ ಭಾರವಾದದ್ದು ಇದು.

ನಾಗರ ಪಂಚಮಿಗೆ ಅವಳು ತವರಿಗೆ ಬಂದಳು. ಬರುವುದಿಲ್ಲ ಎಂದುಕೊಂಡಿದ್ದೆ. ಹಬ್ಬದ ಶೇಂಗಾ ಉಂಡಿ ಕಟ್ಟಿದಳು, ಮಕ್ಕಳಿಗೆ ಜೋಕಾಲಿ ಹಾಕಿದಳು, ನನ್ನ ಜೊತೆ ಮಳೆ ಬೆಳೆಯ ಮಾತು ಆಡಿದಳು. ಮಧ್ಯಾಹ್ನ ಸೋಯಾ ನೋಡಲು ಹೊಲಕ್ಕೆ ಹೊರಟಾಗ ನಾನೂ ಹಿಂದೆ ಹೋದೆ. ಬದುವಿನ ಮೇಲೆ ನಿಂತು ಹೇಳಿದೆ. ಬೀದರಿನದು ಮಾತ್ರ ಹೇಳೋಣ ಎಂದುಕೊಂಡಿದ್ದೆ, ಶಾಲೆ ಬಿಟ್ಟದ್ದೂ ಅದರ ಹಿಂದೆಯೇ ಬಂದುಬಿಟ್ಟಿತು.

"ನಿನ್ನ ಸಲುವಾಗಿ ಬಿಡಲಿಲ್ಲ ನಾ. ಅದು ತಿಳೀಲಾರದಕ್ಕ ಬಿಟ್ಟೆ."

ಅವಳಿಗೆ ಸಿಟ್ಟು ಬಂತು. ನಾನು ಎಣಿಸಿದ ಕಡೆಯಿಂದ ಬರಲಿಲ್ಲ.

"ರಜಾ ಎಲ್ಲಾ ನಾ ಗೋಡಿಗಿ ಪಾಠ ಹೇಳಿದೆನೇನು? ತಿಳೀಲಿಲ್ಲ ಅನ್ನು ಅಂತ ಹೇಳಿದ್ದೆ. ಅದಕ್ಕೇ ಕುಂದರಿಸಿದ್ದೆ ನಿನ್ನ."

"ಹೌದು."

"ಎಲ್ಲಿ ತಿಳೀಲಿಲ್ಲ?"

ಅವಳು ಕೇಳಿದ್ದು ಸಿಟ್ಟಿನಲ್ಲೇ. ಆದರೂ ಅದು ಪಾಠ ಹೇಳುವವಳ ಪ್ರಶ್ನೆ. ನಾನು ಹೇಳಿದೆ. ದೊಡ್ಡ ಪಟ್ಟಿಯೂ ಅರ್ಧ, ಉಳಿದ ಚೂರೂ ಅರ್ಧ, ಅದು ಹೇಗೆ ಎಂದು. ಅವಳು ಬದುವಿನ ಮೇಲೆ ಕೂತುಬಿಟ್ಟಳು. ತನ್ನಷ್ಟಕ್ಕೇ ಹೇಳಿಕೊಳ್ಳುವಂತೆ, "ಅಲ್ಲೇನು... ಹುಡುಗರೂ ಅಲ್ಲೇ ನಿಲ್ತಾವು. ಯಾವುದರ ಅರ್ಧ ಅಂತ ನಾ ಕೇಳಲೇ ಇಲ್ಲ, ನಾನೇ ಹೇಳಿಬಿಟ್ಟೆ" ಎಂದಳು. ಕಣ್ಣಲ್ಲಿ ನೀರಿತ್ತು. ಆ ನೀರು ನನಗಾಗಿ ಬಂದದ್ದೋ ಪಾಠಕ್ಕಾಗಿ ಬಂದದ್ದೋ ಗೊತ್ತಾಗಲಿಲ್ಲ.

"ನಾ ಬರ್ತೇನಿ. ಆ ಮಾಸ್ತರರ ಮುಂದ, ಎಲ್ಲಾರ ಮುಂದ ನಿಂತು ಹೇಳ್ತೇನಿ. ಅಕಿ ಹೇಳಿಕೊಟ್ಟಿಲ್ಲ, ನಾನೇ ಸುಳ್ಳಾಡೇನಿ ಅಂತ" ಅಂದೆ.

ತಂಗಿ ತಲೆ ಅಲ್ಲಾಡಿಸಿದಳು.

"ಬ್ಯಾಡಣ್ಣ. ಈಗ ನೀ ಬಂದು ಹಂಗ ಹೇಳಿದ್ರ, ಅದನೂ ನಾನೇ ಹೇಳಿಕೊಟ್ಟು ಕರ್ಕೊಂಡ ಬಂದೇನಿ ಅಂತಾರ."

ಮುರಿದದ್ದನ್ನು ಮುರಿದವನೇ ಕಟ್ಟಲಾಗದ ಹಾಗೆ ನಾನು ಮುರಿದಿದ್ದೆ.

ಆ ವರ್ಷದ ಕೊನೆಗೆ ಔರಾದಿನಲ್ಲಿ ಎರಡು ತಾಲ್ಲೂಕಿನ ಗಣಿತ ಶಿಕ್ಷಕರಿಗೆ ಮತ್ತೊಂದು ತರಬೇತಿ ಆಯಿತು. ತಂಗಿ ಅಲ್ಲಿ ಕೇಳುವವರ ಸಾಲಿನಲ್ಲಿ ಕೂತಿದ್ದಳು. ಬೀದರಿನಲ್ಲಿ ಆಯ್ಕೆಯಾಗಿದ್ದವರೊಬ್ಬರು ಭಿನ್ನರಾಶಿಯ ಭಾಗಾಕಾರ ತೋರಿಸಿದರು. ಅವರ ಕೈಯಲ್ಲೂ ಬಣ್ಣದ ಪಟ್ಟಿಗಳಿದ್ದವಂತೆ. ಕೊನೆಗೆ ತಿಳಿಯಿತೇ ಎಂದು ಕೇಳಿದರು. ಎಲ್ಲರೂ ತಿಳಿಯಿತು ಅಂದರು. ತಂಗಿ ಎದ್ದು ನಿಂತು, "ನನಗ ತಿಳೀಲಿಲ್ರಿ ಸರ್" ಎಂದಳು.

"ಗಣಿತದ ಮೇಡಮ್ಮೋರಿಗೇ ತಿಳೀಲಿಲ್ಲೇನ್ರಿ?" ಎಂದು ಯಾರೋ ಅಂದರು, ನಗು ಎದ್ದಿತು. ಅವಳು ಕೂರಲಿಲ್ಲ. ದೊಡ್ಡ ಪಟ್ಟಿಯೂ ಅರ್ಧ, ಉಳಿದ ಚೂರೂ ಅರ್ಧ ಅನ್ನುತ್ತೀರಿ, ಆರನೆಯ ತರಗತಿಯವನು ಇದನ್ನು ಹೇಗೆ ನಂಬಬೇಕು ಎಂದು ಕೇಳಿದಳು. ತೋರಿಸುತ್ತಿದ್ದವರು ಮತ್ತೆ ಪಟ್ಟಿ ಇಟ್ಟರು, ಮತ್ತೆ ಅದನ್ನೇ ಹೇಳಿದರು. ಅವಳು ಮತ್ತೆ ತಿಳಿಯಲಿಲ್ಲ ಅಂದಳು. ಊಟದ ಹೊತ್ತು ಮೀರಿತು. ಒಬ್ಬೊಬ್ಬರಾಗಿ ಮೇಜಿನ ಸುತ್ತ ಬಂದು ನಿಂತು, ಉಳಿದದ್ದನ್ನು ಯಾವುದರ ಜೊತೆ ಅಳೆಯಬೇಕು, ಅದನ್ನು ಹುಡುಗರೇ ಕಂಡುಕೊಳ್ಳುವ ಹಾಗೆ ಹೇಗೆ ಕೇಳಬೇಕು ಎಂದು ತಮ್ಮ ತಮ್ಮಲ್ಲೇ ಜಗಳವಾಡಿದರಂತೆ.

ಮರುದಿನ ಅವಳೇ ಫೋನು ಮಾಡಿ ಇದನ್ನೆಲ್ಲ ಹೇಳಿದಳು. ಹೇಳುವಾಗ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಎಲ್ಲ ಹೇಳಿ ಮುಗಿಸಿದ ಮೇಲೆ,

"ಬೀದರದಾಗ ನೀ ಆಡಬೇಕಾಗಿದ್ದ ಮಾತು ಅಣ್ಣಾ. ನಾ ಆಡಿದೆ" ಎಂದಳು.